ಗೊತ್ತಿಲ್ಲದ ಪ್ರಶ್ನೆ: ಬಿಡುವುದೋ, ಗೆಸ್ ಹೊಡೆಯುವುದೋ?

ಕೊಪ್ಪದ ಆಯುರ್ವೇದ ಕಾಲೇಜಿನ ಸೀಟಿಗೂ ನೀಟ್ ಬರೆಯಬೇಕು. ಎಂಜಿನಿಯರಿಂಗ್ ಸೀಟಿಗೆ ಸಿಇಟಿ. ಶೃಂಗೇರಿ, ನರಸಿಂಹರಾಜಪುರದ ಪಿಯು ಮಕ್ಕಳು ಇವೆರಡಕ್ಕೂ ಒಟ್ಟೊಟ್ಟಿಗೆ ಓದುತ್ತಾರೆ. ಉತ್ತರ ಗೊತ್ತಿಲ್ಲದಾಗ ಏನು ಮಾಡಬೇಕೆಂಬ ಲೆಕ್ಕ ಮಾತ್ರ ಎರಡು ಪರೀಕ್ಷೆಗೂ ಬೇರೆ ಬೇರೆ.

ಸಿಇಟಿಯಲ್ಲಿ ವಿಷಯವೊಂದಕ್ಕೆ 60 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕಣ್ಣುಮುಚ್ಚಿ ಎಲ್ಲಕ್ಕೂ ಗುರುತು ಹಾಕಿದರೆ ಸರಾಸರಿ 15 ಅಂಕ ಬಂದೀತು. 30 ಅಥವಾ ಅದಕ್ಕಿಂತ ಹೆಚ್ಚು ಬರುವ ಸಂಭವ ಲಕ್ಷಕ್ಕೆ ಮೂರಕ್ಕಿಂತ ಕಡಿಮೆ. ಬರೀ 10 ಪ್ರಶ್ನೆ ಗೆಸ್ ಹೊಡೆದು ಹತ್ತೂ ಸರಿಯಾಗುವುದು 10,48,576ರಲ್ಲಿ ಒಂದು ಸಲ. ಅದೃಷ್ಟ ನಂಬಿ ಸೀಟು ಹಿಡಿಯಲಾಗದು, ನಿಜ. ಆದರೆ ಖಾಲಿ ಬಿಟ್ಟರೆ ಸಿಗುವುದು ಸೊನ್ನೆಯೇ.

ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ ಮೈನಸ್ 1. ಏನೂ ಗೊತ್ತಿಲ್ಲದೆ ಹಾಕಿದ ಗುರುತಿಗೆ ಸರಾಸರಿ ಕಾಲು ಅಂಕದ ಲಾಭ. ಲಾಭವೇನೋ ಹೌದು, ನೆಚ್ಚಿಕೊಳ್ಳುವಂಥದ್ದಲ್ಲ: ಹೀಗೆ 10 ಪ್ರಶ್ನೆ ಬರೆದವರಲ್ಲಿ ಸುಮಾರು ನಾಲ್ವರಿಗೊಬ್ಬರು ಕೈಲಿದ್ದ ಅಂಕವನ್ನೂ ಕಳೆದುಕೊಳ್ಳುತ್ತಾರೆ. ಐಎಎಸ್ ಪ್ರಿಲಿಮ್ಸ್‌ನಲ್ಲಿ ತಪ್ಪಿಗೆ ಮೂರನೇ ಒಂದು ಭಾಗ ಕಳೆಯುವುದರಿಂದ ಕುರುಡು ಊಹೆಯ ಸರಾಸರಿ ಲಾಭ ಸೊನ್ನೆ.

ಅರೆಬರೆ ತಿಳಿವಳಿಕೆಗೆ ಬೆಲೆ ಬರುವುದು ಇಲ್ಲೇ. ತುಂಗಾ, ಭದ್ರಾ ನದಿಗಳು ಕೂಡುವುದೆಲ್ಲಿ ಎಂದು ಕೇಳಿ ಶೃಂಗೇರಿ, ಬಾಳೆಹೊನ್ನೂರು, ಕೂಡಲಿ, ಹಂಪಿ ಎಂಬ ಆಯ್ಕೆ ಕೊಟ್ಟರೆನ್ನಿ. ಶೃಂಗೇರಿಯಲ್ಲಿ ಹರಿಯುವುದು ತುಂಗೆ ಮಾತ್ರ, ಬಾಳೆಹೊನ್ನೂರಿನಲ್ಲಿ ಭದ್ರೆ ಮಾತ್ರ ಎಂಬುದು ಇಲ್ಲಿನ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಎರಡು ಆಯ್ಕೆ ಹೊರಗೆ ಬಿದ್ದವು. ಉತ್ತರ ಕೂಡಲಿ ಎಂದು ಗೊತ್ತಿರದಿದ್ದರೂ ಸಂಭವ ಕಾಲಿನಿಂದ ಅರ್ಧಕ್ಕೇರಿತು. ನೀಟ್ ಲೆಕ್ಕದಲ್ಲಿ ಇಂಥ ಪ್ರಶ್ನೆಯ ಸರಾಸರಿ ಲಾಭ ಒಂದೂವರೆ ಅಂಕ. ಹೀಗೆ ಎರಡೆರಡು ಆಯ್ಕೆ ತಳ್ಳಿಹಾಕಿ 10 ಪ್ರಶ್ನೆ ಬರೆದವರಲ್ಲಿ ನಷ್ಟವಾಗುವುದು ನೂರಕ್ಕೆ ಒಬ್ಬರಿಗೆ.

‘ಎಲ್ಲಕ್ಕೂ ಸಿ ಹಾಕು’ ಎಂಬ ಹಾಸ್ಟೆಲ್ ಉಪದೇಶಕ್ಕೆ ಕಿವಿಗೊಡಬೇಡಿ. ಸರಿಯುತ್ತರಗಳು ನಾಲ್ಕೂ ಅಕ್ಷರಗಳಿಗೆ ಸಮನಾಗಿ ಹಂಚಿದ್ದರೆ ಅದಕ್ಕೂ ಸಿಗುವುದು ಅದೇ ಕಾಲು ಭಾಗ.

ಪರೀಕ್ಷಾ ಕೊಠಡಿಗೆ ಹೋಗುವ ಮುನ್ನ ಅಂಕ ಕಳೆಯುವ ನಿಯಮ ಓದಿಕೊಳ್ಳಿ. ಸಿಇಟಿಯಲ್ಲಿ ಒಂದನ್ನೂ ಖಾಲಿ ಬಿಡಬೇಡಿ. ಮೈನಸ್ ಅಂಕವಿರುವಲ್ಲಿ ಒಂದು ಆಯ್ಕೆಯನ್ನಾದರೂ ಖಚಿತವಾಗಿ ತಳ್ಳಿಹಾಕಿದ ಮೇಲೆಯೇ ಪೆನ್ನು ಊರಿ.