ತ್ರಿಕೋನ ತಿರುಗಬೇಕಾದರೆ

ರೇಸಿಗೆಂದು ಸಾಮಾನ್ಯ ಎಂಜಿನ್ ಬಿಚ್ಚಿದರೆ ಪಿಸ್ಟನ್ನು, ಕನೆಕ್ಟಿಂಗ್ ರಾಡು, ವಾಲ್ವು, ಸ್ಪ್ರಿಂಗು, ಕ್ಯಾಮ್‌ಶಾಫ್ಟು ಎಂದು ಹರಡಿಕೊಳ್ಳಲು ಒಂದು ಮೇಜು ಸಾಲದು. ಮಾಜ್ದಾ ಕಂಪನಿಯ 13ಬಿ ರೋಟರಿ ಎಂಜಿನ್ನನ್ನು ಮೊದಲ ಸಲ ಬಿಚ್ಚಿ ನೋಡಿದವರು ಕೇಳುವುದು ಒಂದೇ ಪ್ರಶ್ನೆ: ಇಷ್ಟೇನಾ? ಎರಡು ರೋಟರ್, ಅವನ್ನು ಹೊತ್ತ ಒಂದು ಶಾಫ್ಟ್. ಮುಖ್ಯವಾಗಿ ತಿರುಗುವುದು ಇವು ಮೂರೇ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಹೆಡ್ ಗ್ಯಾಸ್ಕೆಟ್ ಅನ್ನುವುದೂ ಇಲ್ಲ. ಒಂದೊಂದು ರೋಟರ್‌ಗೆ 654 ಸಿಸಿಯಂತೆ ಒಟ್ಟು 1308 ಸಿಸಿ. ಇದನ್ನು ಯಾರು ಬೇಕಾದರೂ ಜೋಡಿಸಬಹುದಲ್ಲ ಅನ್ನಿಸುತ್ತದೆ. ಜೋಡಿಸಲೂಬಹುದು. ಅದು ಸ್ಟಾರ್ಟ್ ಆಗುವುದು, ಆಗಿ ರೇಸ್ ಮುಗಿಸುವುದು ಬೇರೆ ಮಾತು.

ರೋಟರ್ ಅಂದರೆ ಬದಿಗಳು ಉಬ್ಬಿದ ಎರಕದ ಕಬ್ಬಿಣದ ತ್ರಿಕೋನ. ಅದು ಓಡಾಡುವ ಗೂಡು ನಡು ಸ್ವಲ್ಪ ಸಣ್ಣಗಾದ ಕಡಲೆಕಾಯಿಯಂತಿರುತ್ತದೆ. ತ್ರಿಕೋನದ ಮೂರು ಮೂಲೆಗಳೂ ಸದಾ ಗೂಡಿನ ಗೋಡೆಗೆ ಒರಸಿಕೊಂಡೇ ತಿರುಗಬೇಕು. ಹಾಗೆ ತಿರುಗುವಾಗ ಮೂರು ಬದಿಗಳಲ್ಲಿ ಹಿಗ್ಗುವ, ಕುಗ್ಗುವ ಜಾಗದಲ್ಲಿ ಪೆಟ್ರೋಲು ಒಳಬರುವುದು, ಒತ್ತಡಕ್ಕೆ ಸಿಗುವುದು, ಉರಿಯುವುದು, ಹೊಗೆ ಹೊರಹೋಗುವುದು ಎಲ್ಲ ನಡೆಯುತ್ತದೆ. ಶಾಫ್ಟ್ ಮೂರು ಸುತ್ತು ಹಾಕಿದರೆ ರೋಟರ್ ಒಂದು ಸುತ್ತು ಹಾಕುತ್ತದೆ. ಹಾಗಾಗಿ ಮೀಟರ್ ನಿಮಿಷಕ್ಕೆ 9000 ಸುತ್ತು ತೋರಿಸುವಾಗಲೂ ಒಳಗಿನ ತ್ರಿಕೋನ ತಿರುಗುತ್ತಿರುವುದು 3000 ಸುತ್ತಿನಲ್ಲಿ. ಮೇಲಕ್ಕೆ ಕೆಳಕ್ಕೆ ಬಡಿದಾಡುವ ಭಾಗವಿಲ್ಲದ್ದರಿಂದ ನಡುಕವೂ ಕಡಿಮೆ. ರೇಸಿನವರು ಇದಕ್ಕೆ ಮರುಳಾದದ್ದು ಸುಮ್ಮನೆ ಅಲ್ಲ.

ಈ ಯೋಚನೆ ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್‌ರದು. ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಮೊದಲ ಮಾದರಿ ತಿರುಗಿತು. ನಾವು ಇಂದು ನೋಡುವ ಸರಳ ರೂಪಕ್ಕೆ ಅದನ್ನು ತಂದವರು ಅಲ್ಲಿನ ಇನ್ನೊಬ್ಬ ಎಂಜಿನಿಯರ್ ಹಾನ್ಸ್ ಡೀಟರ್ ಪಾಶ್ಕೆ. 1967ರಲ್ಲಿ ಎನ್‌ಎಸ್‌ಯು ಮಾರುಕಟ್ಟೆಗೆ ಬಿಟ್ಟ ಆರ್‌ಒ 80 ಕಾರಿನಲ್ಲಿ ರೋಟರ್‌ನ ಮೂಲೆಗಳಲ್ಲಿ ಕೂತು ಗೋಡೆಗೆ ಒರಸುವ ಸೀಲುಗಳು ಬೇಗ ಸವೆದು, ವಾರಂಟಿಯಲ್ಲಿ ಎಂಜಿನ್ ಬದಲಾಯಿಸಿಕೊಡುವುದರಲ್ಲೇ ಕಂಪನಿ ಸುಸ್ತಾಯಿತು. ಹಿರೋಷಿಮಾದ ಮಾಜ್ದಾಕ್ಕೂ ಇದೇ ಕಾಟ ಇತ್ತು. 1961ರಲ್ಲಿ ಪರವಾನಗಿ ತಂದು ಎಂಜಿನ್ ಓಡಿಸಿ ನೋಡಿದರೆ ಗೂಡಿನ ಒಳಗೋಡೆಯ ಮೇಲೆಲ್ಲ ಅಲೆಅಲೆಯಾದ ಗೀರುಗಳು. ಮೂಲೆಯ ಸೀಲು ನಡುಗುತ್ತ ಓಡಿ ಗೋಡೆಯನ್ನು ಕೆರೆದಿತ್ತು. ಅಲ್ಲಿನ ಎಂಜಿನಿಯರುಗಳು ಅದಕ್ಕೆ ‘ದೆವ್ವದ ಉಗುರಿನ ಗುರುತು’ ಎಂದು ಹೆಸರಿಟ್ಟರು. ಕೆನಿಚಿ ಯಮಾಮೊಟೊ ಮುಂದಾಳತ್ವದ 47 ಜನರ ತಂಡ ಸೀಲಿನ ಆಕಾರವನ್ನೂ ಲೋಹವನ್ನೂ ಬದಲಿಸುತ್ತ ಹೋಗಿ, ಕೊನೆಗೆ ಕಾರ್ಬನ್ನಿಗೆ ಅಲ್ಯೂಮಿನಿಯಂ ಬೆರೆಸಿದ ಸೀಲಿನಲ್ಲಿ ಪರಿಹಾರ ಕಂಡಿತು. 1967ರ ಮೇ ತಿಂಗಳಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ಬಂತು. ಮರುವರ್ಷವೇ ಜರ್ಮನಿಯ ನುರ್ಬರ್ಗ್‌ರಿಂಗ್‌ನಲ್ಲಿ 84 ಗಂಟೆಗಳ ರೇಸಿಗೆ ಎರಡು ಕಾಸ್ಮೊ ಇಳಿದವು. ಒಂದು ನಾಲ್ಕನೆಯದಾಗಿ ಮುಗಿಸಿತು, ಇನ್ನೊಂದು 82ನೇ ಗಂಟೆಯಲ್ಲಿ ಆಕ್ಸಲ್ ಮುರಿದು ನಿಂತಿತು.

ಅಂದಿನಿಂದ ಇಂದಿನವರೆಗೂ ರೋಟರಿಯ ಕಥೆ ಸೀಲುಗಳ ಕಥೆಯೇ. ಒಂದೊಂದು ರೋಟರ್‌ಗೆ ಮೂಲೆಗಳಲ್ಲಿ ಮೂರು ಅಪೆಕ್ಸ್ ಸೀಲು, ಎರಡು ಮಗ್ಗುಲಲ್ಲೂ ಸೇರಿ ಆರು ದುಂಡನೆಯ ಕಾರ್ನರ್ ಸೀಲು, ಅವುಗಳ ನಡುವೆ ಕಮಾನಿನಂತೆ ಬಾಗಿದ ಆರು ಸೈಡ್ ಸೀಲು. ಎರಡು ರೋಟರ್‌ಗೆ ಮೂವತ್ತು ಸೀಲು, ಪ್ರತಿಯೊಂದರ ಹಿಂದೆ ಸ್ಪ್ರಿಂಗು. ಮೇಜಿನ ಮೇಲೆ ಮೊದಲು ಕಣ್ಣಿಗೆ ಬೀಳದೇ ಇದ್ದವು ಇವೇ. ಮಾಮೂಲಿ ಎಂಜಿನ್ ಬೋರಿಗೆ ಬಂದರೆ ಲೇಥಿನವರು ಬೋರು ಹೊಡೆದು ದೊಡ್ಡ ಅಳತೆಯ ಪಿಸ್ಟನ್ ಹಾಕಿಕೊಡುತ್ತಾರೆ. ರೋಟರಿಯಲ್ಲಿ ಆ ದಾರಿ ಇಲ್ಲ. ಗೂಡಿನ ಒಳಗೋಡೆಯ ಕ್ರೋಮ್ ಲೇಪ ಎದ್ದಿತೆಂದರೆ ಆ ಗೂಡನ್ನು, ಅಂದರೆ ಹೌಸಿಂಗನ್ನು, ಬದಿಗಿಟ್ಟು ಬೇರೆಯದನ್ನೇ ಹುಡುಕಬೇಕು.

ಹಾಗಾಗಿ ಇಲ್ಲಿನ ಮೆಕ್ಯಾನಿಕ್ಕಿನ ಕೈಯಲ್ಲಿ ಸ್ಪ್ಯಾನರ್‌ಗಿಂತ ಹೆಚ್ಚು ಹೊತ್ತು ಇರುವುದು ಸಂದು ಅಳೆಯುವ ಫೀಲರ್ ಗೇಜು. ಸೈಡ್ ಸೀಲು ಕೂರಿಸುವ ಕೆಲಸವನ್ನೇ ನೋಡಿ. ಹೊಸ ಸೀಲು ಬೇಕಾದ್ದಕ್ಕಿಂತ ಸ್ವಲ್ಪ ಉದ್ದವಾಗಿಯೇ ಬರುತ್ತದೆ. ರೋಟರ್‌ನ ಗಾಡಿಯಲ್ಲಿ, ಅಂದರೆ ಸೀಲಿಗೆಂದು ಕೊರೆದ ತೋಡಿನಲ್ಲಿ, ಅದನ್ನಿಟ್ಟು, ಒಂದು ತುದಿಯನ್ನು ಕಾರ್ನರ್ ಸೀಲಿಗೆ ಒತ್ತಿ ಹಿಡಿದು, ಇನ್ನೊಂದು ತುದಿಯಲ್ಲಿ ಎಷ್ಟು ಸಂದು ಉಳಿಯಿತೆಂದು ನೋಡಬೇಕು. ಕಂಪನಿಯ ಪುಸ್ತಕ ಹೇಳುವುದು 0.05ರಿಂದ 0.15 ಮಿಲಿಮೀಟರ್. ರೇಸಿನವರು ಈ ಲೆಕ್ಕದ ಬಿಗಿ ತುದಿಗೇ ಅಂಟಿಕೊಳ್ಳುತ್ತಾರೆ. ಸೀಲು ಗಾಡಿಯಲ್ಲಿ ಕೂರದಿದ್ದರೆ ಹೊರಗೆ ತೆಗೆದು, ತುದಿಯ ಓರೆ ಕೆಡದಂತೆ ನುಣುಪು ಅರದ ಮೇಲೆ ಒಂದೆರಡು ಸಲ ಎಳೆದು, ಒರಸಿ, ಮತ್ತೆ ಇಟ್ಟು ನೋಡಬೇಕು. ಮತ್ತೆ ತೆಗೆ, ಮತ್ತೆ ಎಳೆ. ಗೇಜಿನ 0.05ರ ಎಲೆ ಹಗುರವಾಗಿ ತೂರಿದರೆ ಆ ಸೀಲಿಗೂ ಆ ಗಾಡಿಗೂ ಒಂದೇ ಸಂಖ್ಯೆ ಬರೆದಿಡಬೇಕು, ಏಕೆಂದರೆ ಪಕ್ಕದ ಗಾಡಿಯಲ್ಲಿ ಅದೇ ಸೀಲು ಸರಿಹೋಗುವ ಭರವಸೆ ಇಲ್ಲ. ಒಂದು ಎಳೆತ ಹೆಚ್ಚಾದರೆ ಸೀಲು ಬುಟ್ಟಿಗೆ. ಹೀಗೆ ಹನ್ನೆರಡು ಸಲ. ಆತುರಗಾರರ ಕಸುಬು ಇದಲ್ಲ.

ಇನ್ನು ಬಿಡಿಭಾಗಗಳು ಒಂದಕ್ಕೊಂದು ಹೊಂದದಿರುವ ತಾಪತ್ರಯ. 13ಬಿ ಎಂಬ ಒಂದೇ ಹೆಸರಿನಲ್ಲಿ ದಶಕಗಳ ಕಾಲ ಎಂಜಿನ್ ಬಂದದ್ದರಿಂದ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಗುವುದೆಲ್ಲ ಒಂದೇ ಥರ ಕಾಣುತ್ತದೆ. ಮುಂದಿನ ಕಬ್ಬಿಣದ ಪ್ಲೇಟು, ರೋಟರ್ ಹೌಸಿಂಗು, ನಡುವಿನ ಪ್ಲೇಟು, ಇನ್ನೊಂದು ಹೌಸಿಂಗು, ಹಿಂದಿನ ಪ್ಲೇಟು. ಈ ಐದು ಪದರಗಳನ್ನು ಉದ್ದನೆಯ ಬೋಲ್ಟುಗಳು ಒಟ್ಟಿಗೆ ಬಿಗಿದಿಡುತ್ತವೆ. ಪದರಗಳ ನಡುವೆ ಎಂಜಿನ್ ತಣಿಸುವ ನೀರು ಸೋರದಂತೆ ತಡೆಯುವುದು ರಬ್ಬರ್ ಉಂಗುರ. 1985ರವರೆಗಿನ 13ಬಿಗಳಲ್ಲಿ ಆ ಉಂಗುರ ಕೂರುವ ಗಾಡಿ ಹೌಸಿಂಗಿನಲ್ಲಿತ್ತು. 1986ರಿಂದ ಅದು ಕಬ್ಬಿಣದ ಪ್ಲೇಟಿಗೆ ಹೋಯಿತು. ಈಗ ಒಬ್ಬ ಹಳೆಯ ಪ್ಲೇಟನ್ನೂ ಹೊಸ ಹೌಸಿಂಗನ್ನೂ ಕೊಂಡು ತಂದನೆನ್ನಿ, ಎರಡರಲ್ಲೂ ಗಾಡಿಯೇ ಇಲ್ಲ. ತಿರುಗುಮುರುಗಾದರೆ ಎರಡರಲ್ಲೂ ಗಾಡಿ. ಬೋಲ್ಟುಗಳು ಮಾತ್ರ ಸಲೀಸಾಗಿ ಕೂತುಬಿಡುತ್ತವೆ. ತಮಾಷೆ ಇರುವುದೇ ಇಲ್ಲಿ: ತಪ್ಪು ಜೋಡಿಗೂ ಎಂಜಿನ್ ಅಡ್ಡಿ ಹೇಳುವುದಿಲ್ಲ, ನೀರು ತುಂಬಿದಾಗಲೇ ಗುಟ್ಟು ಬಯಲು.

ಅಪೆಕ್ಸ್ ಸೀಲಿನದೂ ಇದೇ ರಗಳೆ. 1985ರವರೆಗೆ ಅದರ ದಪ್ಪ 3 ಮಿಲಿಮೀಟರ್, ಆಮೇಲೆ 2. ಹೊಸ ರೋಟರ್‌ನ ಗಾಡಿ ಸವೆದಿದ್ದರೆ ಅದನ್ನೇ ಮಿಲ್ಲಿಂಗ್ ಮಾಡಿಸಿ 3 ಮಿಲಿಮೀಟರಿನ ಸೀಲಿಗೆ ಹೊಂದಿಸುವುದು ರೇಸಿನವರ ಹಳೆಯ ಉಪಾಯ. 2003ರಲ್ಲಿ ಬಂದ ಮಾಜ್ದಾ ಆರ್‌ಎಕ್ಸ್-8 ಕಾರಿನ ರೋಟರ್ ಹಗುರ, ಅದರ ಕಂಪ್ರೆಶನ್ 10ಕ್ಕೆ 1. ಹೀಗಾಗಿ ಟರ್ಬೊ ಇಲ್ಲದ ರೇಸ್ ಎಂಜಿನ್ ಕಟ್ಟುವವರಿಗೆ ಅದರ ಮೇಲೆ ಕಣ್ಣು. ರೋಟರ್ ಹಗುರವಾಯಿತೆಂದರೆ ಶಾಫ್ಟಿನ ಎರಡೂ ತುದಿಯಲ್ಲಿ ಅದನ್ನು ತೂಗಿಸುವ ಕೌಂಟರ್‌ವೇಟ್ ಕೂಡ ಬದಲಾಗಬೇಕು. ಇದನ್ನು ಮರೆತರೆ ರೋಟರಿಗೆ ಹೆಸರು ತಂದ ನಯವಾದ ಓಟವೇ ಮಾಯ. ಅದೇ ಕಾರಿನ ಹೌಸಿಂಗಿಗೂ ಆಸೆಪಟ್ಟರೆ ಕೆಲಸ ಕೆಟ್ಟಿತು. ಆರ್‌ಎಕ್ಸ್-8ರಲ್ಲಿ ಹೊಗೆ ಹೋಗುವ ಬಾಯಿ ಪಕ್ಕದ ಪ್ಲೇಟಿನಲ್ಲಿದೆ, ಹೌಸಿಂಗಿನಲ್ಲಿ ಬಾಯಿಯೇ ಇಲ್ಲ.

ಎಲ್ಲ ಪದರ ಸೇರಿಸಿ ಬಿಗಿದ ಮೇಲೆ ಶಾಫ್ಟಿನ ಹಿಂದುಮುಂದಿನ ‘ಪ್ಲೇ’ ನೋಡುವ ಘಟ್ಟ. ಅದು 0.04ರಿಂದ 0.07 ಮಿಲಿಮೀಟರ್ ಒಳಗಿರಬೇಕು. ಡಯಲ್ ಗೇಜ್ ಹಚ್ಚಿ, ಶಾಫ್ಟನ್ನು ಹಿಂದೆ ಮುಂದೆ ತಳ್ಳಿ, ಮುಳ್ಳು ಎಷ್ಟು ಕದಲಿತೆಂದು ಓದಬೇಕು. ಹೆಚ್ಚು ಕಡಿಮೆಯಾದರೆ ಮುಂಭಾಗದಲ್ಲಿರುವ ಸ್ಪೇಸರ್ ತೆಗೆದು ಬೇರೆ ದಪ್ಪದ್ದು ಹಾಕಬೇಕು. ಮಾಜ್ದಾ ಇದಕ್ಕೆಂದೇ ಅಕ್ಷರಗಳ ಗುರುತು ಹಾಕಿ ಬೇರೆ ಬೇರೆ ದಪ್ಪದ ಸ್ಪೇಸರ್ ಕೊಡುತ್ತದೆ. ಇಲ್ಲೊಂದು ಅಪಾಯ ಹೊಂಚುಹಾಕಿದೆ. ಮುಂದಿನ ಬೋಲ್ಟು ಬಿಗಿಯುವ ಮೊದಲು ಚಪ್ಪಟೆಯಾದ ಸೂಜಿ ಬೇರಿಂಗೊಂದು ಜಾಗ ಬಿಟ್ಟು ಜಾರಬಹುದು. ಗಮನಿಸದೆ ಬೋಲ್ಟು ಬಿಗಿದರೆ ಅದು ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಆಗ ಗೇಜಿನ ಮುಳ್ಳು ಏನೇನೋ ಹೇಳಲು ಶುರುಮಾಡುತ್ತದೆ, ಗೊತ್ತಿಲ್ಲದವರು ಸ್ಪೇಸರ್ ಮೇಲೆ ಸ್ಪೇಸರ್ ಬದಲಿಸುತ್ತ ಕೂರುತ್ತಾರೆ. ಬಲ್ಲವರು ಎಂಜಿನ್ನನ್ನು ಮೂತಿ ಮೇಲಾಗಿ ನೆಟ್ಟಗೆ ನಿಲ್ಲಿಸಿ, ಬೇರಿಂಗಿಗೆ ಗ್ರೀಸ್ ಮೆತ್ತಿ, ಬೋಲ್ಟು ಪೂರ್ತಿ ಬಿಗಿಯಾಗುವವರೆಗೂ ಅದನ್ನು ಅಲುಗಿಸುವುದಿಲ್ಲ. ಸೀಲುಗಳು ಬೀಳದಂತೆ ಹಿಡಿದಿಡಲು ವ್ಯಾಸಲೀನು ಸಾಕು. ಅದು ಮೊದಲ ಉರಿಯಲ್ಲೇ ಕರಗಿಹೋಗುತ್ತದೆ.

ಇಷ್ಟೆಲ್ಲ ರಸ್ತೆ ಕಾರಿನ ಎಂಜಿನ್ನಿಗೂ ಬೇಕಾದದ್ದೇ. ರೇಸಿಗೆ ಬಂದರೆ ಇನ್ನಷ್ಟು. ಎರಡು ರೋಟರ್ ಎಂಜಿನ್ನಿನ ಶಾಫ್ಟಿಗೆ ನಡುವಿನಲ್ಲಿ ಬೇರಿಂಗಿನ ಆಸರೆ ಇಲ್ಲ. ಸುತ್ತು ಏರಿದಂತೆ ಶಾಫ್ಟು ನಡುವಿನಲ್ಲಿ ಬಾಗುತ್ತದೆ, ಅದರ ಮೇಲಿನ ರೋಟರ್ ಓರೆಯಾಗಿ ಪಕ್ಕದ ಪ್ಲೇಟಿಗೆ ಮುಟ್ಟುತ್ತದೆ. ಆದ್ದರಿಂದ ರೋಟರ್‌ನ ಮೂಲೆಯಂಚುಗಳನ್ನು ತುಸು ತುರಿದು ಸಂದು ಬಿಡುತ್ತಾರೆ. ಬೇರಿಂಗಿನ ಸಂದನ್ನೂ ಸ್ವಲ್ಪ ಹೆಚ್ಚಿಸಿ ಎಣ್ಣೆಯ ಒತ್ತಡ ಏರಿಸುತ್ತಾರೆ. ಸೀಲಿನ ಕಡೆ ಬಿಗಿ, ರೋಟರಿನ ಕಡೆ ಸಡಿಲ. ರೇಸ್ ರೋಟರಿ ಕಟ್ಟುವವರ ಜಾಣತನವೆಲ್ಲ ಯಾವುದನ್ನು ಎಲ್ಲಿ ಬಿಡಬೇಕು ಎಂಬುದರಲ್ಲಿದೆ. ಹಾರ್ಸ್‌ಪವರ್ ಲೆಕ್ಕ ಒಪ್ಪಿಸುವವರನ್ನಲ್ಲ, ಸಂದಿನ ಲೆಕ್ಕ ಬರೆದಿಟ್ಟವರನ್ನು ನಾನಾದರೆ ನಂಬುತ್ತೇನೆ.

ಶಕ್ತಿ ಬೇಕೆಂದವರು ಕೊನೆಗೆ ಬರುವುದು ಪೆರಿಫೆರಲ್ ಪೋರ್ಟಿಗೆ. ಪಕ್ಕದ ಪ್ಲೇಟಿನಲ್ಲಿರುವ ಗಾಳಿಯ ಬಾಯಿ ಮುಚ್ಚಿ, ಹೌಸಿಂಗಿಗೇ ನೇರವಾಗಿ ತೂತು ಕೊರೆಯುವುದು. ಆ ತೂತು ನೀರು ಹರಿಯುವ ಪೊಳ್ಳನ್ನು ದಾಟಿ ಹೋಗಬೇಕಾದ್ದರಿಂದ ಒಳಗೊಂದು ಅಲ್ಯೂಮಿನಿಯಂ ಕೊಳವೆ ಕೂರಿಸಿ ಸುತ್ತಲೂ ಸೋರದಂತೆ ಮಾಡುತ್ತಾರೆ. ಕೊಳವೆಯ ಒಳತುದಿ ಗೋಡೆಗೆ ಸರಿಸಮವಾಗಿರಬೇಕು. ಎಳ್ಳಷ್ಟು ಹೊರಚಾಚಿದರೂ ಪ್ರತಿ ಸುತ್ತಿನಲ್ಲೂ ಅಪೆಕ್ಸ್ ಸೀಲು ಅದಕ್ಕೆ ತಗುಲಿ ಒಡೆಯುತ್ತದೆ. ಒಡೆದ ಚೂರು ಹೊಗೆಯ ಬಾಯಿಯಿಂದ ಹೊರಹೋಗುವ ಮುಂಚೆ ಹೌಸಿಂಗನ್ನು ಗೀರಿಯೇ ಹೋಗುತ್ತದೆ. ಇಂಥ ಎಂಜಿನ್ ನಿಂತಲ್ಲಿ ಮೆಲ್ಲಗೆ ಓಡಲೊಪ್ಪದು. ‘ಬ್ರಪ್, ಬ್ರಪ್’ ಎಂದು ಬಿಕ್ಕುತ್ತಿರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪೋರ್ಟೊರಿಕೊಗಳ ರೇಸ್ ಮೈದಾನಗಳಲ್ಲಿ ಆ ಬಿಕ್ಕಿಗೇ ಅಭಿಮಾನಿಗಳಿದ್ದಾರೆ. 1983ರ ಆಸ್ಟ್ರೇಲಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ಪನ್ನು ಅಲನ್ ಮೊಫಟ್ ಗೆದ್ದದ್ದು ಮಾಜ್ದಾ ಆರ್‌ಎಕ್ಸ್-7 ಕಾರಿನಲ್ಲಿ.

ಈ ಕಸುಬಿನ ಶಿಖರ 1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆದ ದೀರ್ಘ ರೇಸು. ಮಾಜ್ದಾ 787ಬಿ ಕಾರಿನ ಆರ್26ಬಿ ಎಂಜಿನ್ನಿಗೆ ನಾಲ್ಕು ರೋಟರ್, 2616 ಸಿಸಿ, 9000 ಸುತ್ತಿನಲ್ಲಿ ಸುಮಾರು 700 ಹಾರ್ಸ್‌ಪವರ್. ನಾಲ್ಕು ರೋಟರ್ ಸಾಲಾಗಿ ನಿಂತರೆ ನಡುವೆ ಬೇರಿಂಗು ಬೇಕೇ ಬೇಕು, ಆದರೆ ಇಡಿಯಾದ ಶಾಫ್ಟಿನ ಉಬ್ಬುಗಳನ್ನು ದಾಟಿಸಿ ಬೇರಿಂಗು ತೂರಿಸಲು ಬಾರದು. ಹಾಗಾಗಿ ಶಾಫ್ಟನ್ನು ತುಂಡುಗಳಾಗಿ ಮಾಡಿ, ಮೊನಚು ತುದಿಯನ್ನು ಅದೇ ಓರೆಯ ತೂತಿಗೆ ಕೂರಿಸಿ ಬಿಗಿದರು. ಅಪೆಕ್ಸ್ ಸೀಲು ಸೆರಾಮಿಕ್ಕಿನದು. ಒಂದೊಂದು ರೋಟರ್‌ಗೆ ಮೂರು ಸ್ಪಾರ್ಕ್ ಪ್ಲಗ್. ಗಾಳಿ ಎಳೆಯುವ ಕೊಳವೆಗಳು ಸುತ್ತಿಗೆ ತಕ್ಕಂತೆ ಉದ್ದ ಗಿಡ್ಡವಾಗುತ್ತಿದ್ದವು. ಮುಂದಿದ್ದ ಮರ್ಸಿಡಿಸ್ ಕೊನೆಯ ಗಂಟೆಗಳಲ್ಲಿ ಕೆಟ್ಟು ನಿಂತಾಗ 55ನೇ ನಂಬರಿನ ಮಾಜ್ದಾ 362 ಸುತ್ತು ಮುಗಿಸಿ ಗೆದ್ದಿತು. ಫೋಲ್ಕರ್ ವೈಡ್ಲರ್, ಜಾನಿ ಹರ್ಬರ್ಟ್, ಬೆರ್ಟ್ರಾಂಡ್ ಗಾಶೋ ಓಡಿಸಿದವರು. ಬಳಲಿ ಕುಸಿದ ಹರ್ಬರ್ಟ್‌ಗೆ ಬಹುಮಾನದ ವೇದಿಕೆ ಹತ್ತಲೂ ಆಗಲಿಲ್ಲ. ಅಂದು ಹೊರಟ ಮೂರು ಮಾಜ್ದಾಗಳೂ ರೇಸ್ ಮುಗಿಸಿದವು, ಉಳಿದೆರಡು ಆರನೆಯದು ಮತ್ತು ಎಂಟನೆಯದು. ಗೆಲುವಿಗಿಂತ ಇದು ದೊಡ್ಡದು ಎನ್ನುವವನು ನಾನು. ಗೆದ್ದದ್ದಕ್ಕೇ ರೋಟರಿಯನ್ನು ನಿಷೇಧಿಸಿದರು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಸರಿಯಲ್ಲ. 3.5 ಲೀಟರ್ ಪಿಸ್ಟನ್ ಎಂಜಿನ್ನಿನ ನಿಯಮ ಅದಕ್ಕೂ ಮೊದಲೇ ತೀರ್ಮಾನವಾಗಿತ್ತು.

ನಮಗೂ ರೋಟರಿಗೂ ನಂಟಿಲ್ಲ ಎಂದುಕೊಳ್ಳಬೇಡಿ. ಪೈಲಟ್ ಇಲ್ಲದೆ ಹಾರುವ ‘ನಿಶಾಂತ್’ ವಿಮಾನಕ್ಕೆ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಎನ್‌ಎಎಲ್ ಮತ್ತು ಎಡಿಇ, ಅಹ್ಮದ್‌ನಗರದ ವಿಆರ್‌ಡಿಇ ಸೇರಿ 55 ಹಾರ್ಸ್‌ಪವರ್‌ನ ವ್ಯಾಂಕೆಲ್ ಎಂಜಿನ್ ಮಾಡಿದವು. ತೂಕ ಸುಮಾರು 30 ಕಿಲೊ. 2009ರ ಏಪ್ರಿಲ್ 5ರ ಸಂಜೆ ಅದನ್ನು ಹೊತ್ತು ನಿಶಾಂತ್ ಹಾರಿದ್ದು ಕೋಲಾರದ ಬಳಿ. ಅಲ್ಲಿಯವರೆಗೆ ಇಂಥ ಎಂಜಿನ್ ಹೊರದೇಶದಿಂದ ಬರಬೇಕಿತ್ತು.

ಕಾರಿನ ಮಾತಿಗೆ ಮರಳಿದರೆ, ಆರ್‌ಎಕ್ಸ್-8 ತಯಾರಿಕೆ 2012ರಲ್ಲಿ ನಿಂತಿತು. 2023ರಲ್ಲಿ ಮಾಜ್ದಾ ಎಂಎಕ್ಸ್-30 ಕಾರಿನಲ್ಲಿ 830 ಸಿಸಿಯ ಒಂದೇ ರೋಟರ್ ಎಂಜಿನ್ನನ್ನು ಮತ್ತೆ ತಂದಿತು, ಬ್ಯಾಟರಿಗೆ ಕರೆಂಟು ಒದಗಿಸುವುದಕ್ಕೆ ಮಾತ್ರ. ಜಪಾನಿಗೆ ಹೋಗುವವರು ಹಿರೋಷಿಮಾದ ಮಾಜ್ದಾ ಮ್ಯೂಸಿಯಂ ತಪ್ಪಿಸಬೇಡಿ. 55ನೇ ನಂಬರಿನ 787ಬಿ ಅಲ್ಲೇ ಇದೆ. ಮೊದಲೇ ಬುಕ್ ಮಾಡಿಕೊಂಡು ಹೋಗಬೇಕು.