ಮಕ್ಕಳ ಔಷಧದಲ್ಲಿ ಸಕ್ಕರೆ: ತಾಯಿತಂದೆಗಳು ಅರಿಯಬೇಕಾದ ಸಂಗತಿಗಳು

ಕಹಿಯಾದ ಔಷಧವನ್ನು ಸಿಹಿಯಲ್ಲಿ ಅಡಗಿಸಿ ಕೊಡುವುದು ನಮ್ಮ ಮನೆಗಳ ಹಳೆಯ ರೂಢಿ. ಅಜ್ಜಿಯರು ಬೇರನ್ನು ತೇಯ್ದು ಜೇನುತುಪ್ಪದಲ್ಲಿ ಕಲಸಿ ಮಗುವಿನ ನಾಲಿಗೆಗೆ ಸವರುತ್ತಿದ್ದರು. ಕಷಾಯ ಕುಡಿದ ಮಗುವಿನ ಕೈಗೆ ಬೆಲ್ಲದ ಚೂರನ್ನಿಡುತ್ತಿದ್ದರು. ಇಂದಿನ ಔಷಧ ತಯಾರಕರು ಮಾಡುವುದೂ ಬಹುಮಟ್ಟಿಗೆ ಅದನ್ನೇ. ಜ್ವರ, ಹಲ್ಲುನೋವು, ಕಿವಿನೋವುಗಳಿಗೆ ಕೊಡುವ ಪ್ಯಾರಾಸಿಟಮಾಲ್ ಸ್ವಭಾವತಃ ಕಹಿ. ಅದನ್ನು ಮರೆಸಲು ಸಕ್ಕರೆ ಪಾಕವನ್ನು ಬಳಸುತ್ತಾರೆ. ಔಷಧಶಾಸ್ತ್ರದಲ್ಲಿ ‘ಸರಳ ಪಾಕ’ವೆಂದು ಕರೆಯುವ ದ್ರವದಲ್ಲಿ ತೂಕದ ಮೂರರಲ್ಲಿ ಎರಡು ಪಾಲು ಸಕ್ಕರೆಯೇ ಇರುತ್ತದೆ.

ಆರೋಗ್ಯವಂತ ಮಗುವಿಗೆ ಎರಡು ದಿನ ಈ ಪಾಕ ಕುಡಿಸಿದರೆ ಹಾನಿಯಿಲ್ಲ. ಆದರೆ ಎಲ್ಲ ಮನೆಗಳ ಸ್ಥಿತಿಯೂ ಒಂದೇ ಅಲ್ಲ. ಮಧುಮೇಹವುಳ್ಳ ಮಗುವಿಗೆ ನಡುರಾತ್ರಿ ಜ್ವರ ಬಂದಾಗ, ಒಂದು ಕೈಯಲ್ಲಿ ಸಿರಪ್ಪಿನ ಸೀಸೆಯನ್ನೂ ಇನ್ನೊಂದು ಕೈಯಲ್ಲಿ ರಕ್ತಪರೀಕ್ಷೆಯ ಯಂತ್ರವನ್ನೂ ಹಿಡಿದು ನಿಂತ ತಾಯಿಯ ಸಂಕಟವನ್ನು ಬಲ್ಲವರೇ ಬಲ್ಲರು.

ಯಾರಿಗೆ ಎಚ್ಚರ ಬೇಕು?

ಮೊದಲನೆಯವರು ಮಧುಮೇಹದ ಮಕ್ಕಳು. ಎರಡನೆಯವರು ಮೂರ್ಛೆರೋಗಕ್ಕಾಗಿ ‘ಕೀಟೋಜೆನಿಕ್’ ಎಂಬ ಕಠಿಣ ಪಥ್ಯದಲ್ಲಿರುವವರು. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ರೂಪುಗೊಂಡ ಈ ಪಥ್ಯದಲ್ಲಿ ಕೊಬ್ಬೇ ಪ್ರಧಾನ. ಸಕ್ಕರೆ, ಪಿಷ್ಟಗಳನ್ನು ಗ್ರಾಂ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಆ ಅಳತೆಯನ್ನು ಔಷಧದ ಚಮಚವೊಂದೇ ಕೆಡಿಸಬಹುದು. ಮೂರನೆಯವರು ದೀರ್ಘಕಾಲ ದ್ರವೌಷಧ ಸೇವಿಸುವ ಮಕ್ಕಳು. ಇವರಿಗೆ ಅಪಾಯವಿರುವುದು ಹಲ್ಲುಗಳಿಗೆ. ಸಿಹಿ ಔಷಧಗಳಿಗೂ ಹಲ್ಲಿನ ಹುಳುಕಿಗೂ ಇರುವ ನಂಟನ್ನು 1979ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಮಲಗುವ ಮುನ್ನ ಕುಡಿಸಿದ ಪಾಕ, ಜೊಲ್ಲು ಕಡಿಮೆಯಾಗುವ ನಿದ್ರೆಯಲ್ಲಿ, ಹಲ್ಲಿಗಂಟಿ ಆಮ್ಲವಾಗುವುದೇ ಇದಕ್ಕೆ ಕಾರಣ.

ಚೀಟಿಯನ್ನು ಓದುವ ಬಗೆ

ಸೀಸೆಯ ಚೀಟಿಯ ಮೇಲೆ ‘ಫ್ಲೇವರ್ಡ್ ಸಿರಪ್ ಬೇಸ್’ ಎಂದಿದ್ದರೆ ಸಕ್ಕರೆಯುಂಟೆಂದೇ ತಿಳಿಯಬೇಕು. ‘ಶುಗರ್ ಫ್ರೀ’ ಎಂದು ಸ್ಪಷ್ಟವಾಗಿ ಮುದ್ರಿಸಿದ್ದರೆ ಮಾತ್ರ ನಂಬಬೇಕು; ಸಂದೇಹವಿದ್ದಲ್ಲಿ ಔಷಧದಂಗಡಿಯ ಫಾರ್ಮಸಿಸ್ಟರನ್ನು ಕೇಳಬೇಕು. ಹೊರ ಪೆಟ್ಟಿಗೆಯನ್ನೂ ಒಳಗಿನ ಕಾಗದವನ್ನೂ ಎಸೆಯದೆ ಇಟ್ಟುಕೊಳ್ಳುವುದು ಲೇಸು.

ಆದರೆ ಸಕ್ಕರೆಯಿಲ್ಲವೆಂದರೆ ಸಿಹಿಯಿಲ್ಲವೆಂದಲ್ಲ. ಸಾರ್ಬಿಟಾಲ್, ಮಾಲ್ಟಿಟಾಲ್, ಸ್ಯಾಕರಿನ್, ಸುಕ್ರಲೋಸ್, ಆಸ್ಪರ್ಟೇಮ್ ಮೊದಲಾದವು ಸಕ್ಕರೆಯ ಸ್ಥಾನದಲ್ಲಿ ಬಂದಿರುತ್ತವೆ. ಸಾರ್ಬಿಟಾಲ್, ಮಾಲ್ಟಿಟಾಲ್‌ಗಳು ಹೆಚ್ಚಾದರೆ ಹೊಟ್ಟೆ ಸಡಿಲಾಗುತ್ತದೆ. ಕೀಟೋಜೆನಿಕ್ ಪಥ್ಯದಲ್ಲಿ ಇವೂ ಲೆಕ್ಕಕ್ಕೆ ಬರುತ್ತವೆ. ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುದೋಷವುಳ್ಳ ಮಕ್ಕಳಿಗೆ ಆಸ್ಪರ್ಟೇಮ್ ಕೂಡದು.

ಅಳತೆಯಲ್ಲಿಯೇ ಒಂದು ಉಪಾಯ

ಸಕ್ಕರೆರಹಿತ ಔಷಧ ಪ್ರತಿಯೊಂದು ಊರಿನಲ್ಲಿಯೂ ದೊರೆಯಲಾರದು. ಆಗ ಲೆಕ್ಕವೇ ನೆರವಿಗೆ ಬರುತ್ತದೆ. ಪ್ಯಾರಾಸಿಟಮಾಲ್ ಪ್ರಮಾಣ ಮಗುವಿನ ತೂಕದ ಪ್ರತಿ ಕಿಲೋಗ್ರಾಂಗೆ 10ರಿಂದ 15 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ ವೈದ್ಯರು 250 ಮಿಲಿಗ್ರಾಂ ಸೂಚಿಸಿದರೆನ್ನೋಣ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಔಷಧವಾದರೆ 10 ಮಿಲಿಲೀಟರ್ ಕುಡಿಸಬೇಕು; 250 ಮಿಲಿಗ್ರಾಂ ಇರುವುದಾದರೆ 5 ಮಿಲಿಲೀಟರ್ ಸಾಕು. ಕುಡಿಸುವ ಪಾಕ ಅರ್ಧಕ್ಕಿಳಿದರೆ ಸಕ್ಕರೆಯೂ ಸಾಮಾನ್ಯವಾಗಿ ಅಷ್ಟೇ ಇಳಿಯುತ್ತದೆ. ಆದರೆ ಎರಡೂ ಸೀಸೆಗಳು ಮನೆಯಲ್ಲಿದ್ದು ಅದಲುಬದಲಾದರೆ ಪ್ರಮಾಣ ಇಮ್ಮಡಿಯಾಗುತ್ತದೆ. ಆದುದರಿಂದ ಒಂದನ್ನೇ ಇಟ್ಟುಕೊಂಡು, ಅಡುಗೆಮನೆಯ ಚಮಚವನ್ನು ಬಿಟ್ಟು ಅಳತೆಯ ಮುಚ್ಚಳ ಅಥವಾ ಪಿಚಕಾರಿಯಿಂದಲೇ ಕೊಡಬೇಕು. ಒಂದು ಸಲಕ್ಕೂ ಮತ್ತೊಂದು ಸಲಕ್ಕೂ ಕನಿಷ್ಠ 4ರಿಂದ 6 ಗಂಟೆಯ ಅಂತರವಿರಲಿ. ದಿನಕ್ಕೆ ನಾಲ್ಕು ಸಲ ಮೀರದಿರಲಿ. ಮೀರಿದರೆ ಯಕೃತ್ತಿಗೆ ಹಾನಿ.

ಮಾತ್ರೆಯ ತುಂಡನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಬಹುದೇ, ಗುದದ್ವಾರದಲ್ಲಿಡುವ ಸಪೊಸಿಟರಿ ಒಗ್ಗೀತೇ ಎಂಬುದನ್ನು ವೈದ್ಯರಲ್ಲಿ ಮೊದಲೇ ವಿಚಾರಿಸಿಡಬೇಕು. ಒಂದು ವರ್ಷ ತುಂಬದ ಕೂಸಿಗೆ ಜೇನಿನಲ್ಲಿ ಔಷಧ ಕಲಸಲೇಬಾರದು. ಅದರಿಂದ ಬಾಟ್ಯುಲಿಸಮ್ ಎಂಬ ಮಾರಕ ವ್ಯಾಧಿ ಬರಬಹುದು. ಸಿಹಿಯಿಲ್ಲದ ಮಾತ್ರೆಯೆಂದು ಮಕ್ಕಳಿಗೆ ಆಸ್ಪಿರಿನ್ ಕೊಡುವುದೂ ಅಪಾಯ. 12 ವರ್ಷದೊಳಗಿನವರಿಗೆ ನಿಮೆಸುಲೈಡ್ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಡೆಂಗೆಯ ಶಂಕೆಯಿದ್ದರೆ ಐಬುಪ್ರೊಫೆನ್ ಕೂಡದು.

ಪಾಕಕ್ಕಿಂತ ಹಿರಿದಾದ ಅಪಾಯ

ದ್ರವೌಷಧದಲ್ಲಿ ಸಕ್ಕರೆಯನ್ನಷ್ಟೇ ನೋಡಿದರೆ ಸಾಲದು. 1937ರಲ್ಲಿ ಅಮೆರಿಕದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ವಿಷದ್ರವದಲ್ಲಿ ಕರಗಿಸಿದ ಸಲ್ಫಾ ಔಷಧ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 1990ರ ದಶಕದ ಆರಂಭದಲ್ಲಿ ಬಾಂಗ್ಲಾದೇಶದಲ್ಲಿ ಅದೇ ವಿಷ ಬೆರೆತ ಪ್ಯಾರಾಸಿಟಮಾಲ್ ದ್ರಾವಣದಿಂದ ಅನೇಕ ಮಕ್ಕಳು ಮೂತ್ರಪಿಂಡ ಕೆಟ್ಟು ಅಸುನೀಗಿದರು. 2025ರಲ್ಲಿ ನಮ್ಮ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ಪಿನಿಂದ ಇಪ್ಪತ್ತಕ್ಕೂ ಹೆಚ್ಚು ಎಳೆಯ ಜೀವಗಳು ಹೋದುವು. ಆದುದರಿಂದ ಪರವಾನಗಿಯುಳ್ಳ ಅಂಗಡಿಯಲ್ಲಿ ರಸೀದಿಯೊಡನೆ ಕೊಂಡು, ಬ್ಯಾಚ್ ಸಂಖ್ಯೆ, ಅವಧಿಗಳನ್ನು ನೋಡುವುದು ಎಲ್ಲ ಮನೆಗಳಿಗೂ ಅವಶ್ಯ. ಔಷಧ ಕುಡಿದ ಮಗು ಮೂತ್ರ ಮಾಡುವುದು ನಿಂತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕೊನೆಗೊಂದು ಮಾತು. ಸಕ್ಕರೆರಹಿತ ಸೀಸೆ ಸಿಗಲಿಲ್ಲವೆಂದು ಮಧುಮೇಹದ ಮಗುವನ್ನು ನೋವಿನಲ್ಲಿ ನರಳಲು ಬಿಡುವುದು ವಿವೇಕವಲ್ಲ. ಚಮಚದಲ್ಲಿರುವ ಸಕ್ಕರೆ ಕೆಲವೇ ಗ್ರಾಂ. ರಕ್ತದ ಸಕ್ಕರೆಯನ್ನು ಅದಕ್ಕಿಂತ ಹೆಚ್ಚಾಗಿ ಏರಿಸುವುದು ಜ್ವರವೇ. ಔಷಧ ಕೊಟ್ಟು, ಆ ಸಕ್ಕರೆಯನ್ನು ಲೆಕ್ಕದಲ್ಲಿ ಹಿಡಿದು, ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ಮಗು ಊಟ ಬಿಟ್ಟಿತೆಂದು ತಾವಾಗಿಯೇ ಇನ್ಸುಲಿನ್ ನಿಲ್ಲಿಸಬಾರದು. ವೈದ್ಯರ ಮಾತಿನಂತೆ ನಡೆಯಬೇಕು. ಉಳಿದ ಮಕ್ಕಳಿಗೆ ಔಷಧದ ನಂತರ ಬಾಯಿ ಮುಕ್ಕಳಿಸಿ, ಒಂದು ಗುಟುಕು ನೀರು ಕುಡಿಸಿದರೂ ಹಲ್ಲಿಗೆ ರಕ್ಷೆ. ಸೀಸೆಯ ಚೀಟಿಯನ್ನು ಹಗಲಿನಲ್ಲಿಯೇ ಓದಿಟ್ಟುಕೊಂಡ ಮನೆಗೆ ನಡುರಾತ್ರಿಯ ಜ್ವರ ಅಷ್ಟೊಂದು ಭಯವನ್ನು ತಾರದು.