ಕಂಬದಡಿಯ ಇಬ್ಬರು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಫೀಲ್ಡ್ ಗೋಲ್ ಒದೆಯುವಾಗ ಎಲ್ಲರ ಕಣ್ಣು ಚೆಂಡಿನ ಮೇಲೆ. ನಾನು ನೋಡುವುದು ಗೋಲ್ ಕಂಬಗಳ ಕೆಳಗೆ ಬಂದು ನಿಲ್ಲುವ ಇಬ್ಬರು ಪಟ್ಟೆ ಅಂಗಿಯವರನ್ನು. ಎನ್‌ಎಫ್‌ಎಲ್ ಪಂದ್ಯದ ಏಳು ಮಂದಿ ತೀರ್ಪುಗಾರರಲ್ಲಿ ಫೀಲ್ಡ್ ಜಡ್ಜ್ ಒಂದು ಕಂಬದಡಿ, ಬ್ಯಾಕ್ ಜಡ್ಜ್ ಇನ್ನೊಂದರಡಿ. ಅಲ್ಲಿಂದ ಕತ್ತೆತ್ತಿ ಕಂಬದ ಗುಂಟ ನೋಡಿದರೇ ಚೆಂಡು ಒಳಗೋ ಹೊರಗೋ ತಿಳಿಯುವುದು. ತುಸು ಪಕ್ಕಕ್ಕೆ ಸರಿದರೂ ಕಣ್ಣು ಮೋಸ ಹೋಗುತ್ತದೆ. ರೆಫ್ರಿ ಮಾತ್ರ ಹಿಂದೆಯೇ ಉಳಿದು ಒದೆಯುವವನನ್ನು ಕಾಯುತ್ತಾನೆ. ಒಂಟಿ ಕಾಲಲ್ಲಿರುವ ಅವನಿಗೆ ಎದುರಾಳಿ ಜೋರಾಗಿ ಡಿಕ್ಕಿ ಹೊಡೆದರೆ 15 ಗಜದ ದಂಡ.

2012ರ ಸೆಪ್ಟೆಂಬರ್‌ನಲ್ಲಿ, ಬಾಲ್ಟಿಮೋರ್‌ನಲ್ಲಿ, ರೇವನ್ಸ್ ತಂಡದ ಜಸ್ಟಿನ್ ಟಕರ್ ಕೊನೆಯ ಕ್ಷಣದಲ್ಲಿ 27 ಗಜದಿಂದ ಒದ್ದ ಚೆಂಡು ಬಲಗಂಬದ ತುದಿಗಿಂತಲೂ ಮೇಲೆ ಹಾರಿತು. ಅಡಿಯಲ್ಲಿದ್ದವರು ಗೋಲ್ ಎಂದು ಕೈಯೆತ್ತಿದರು. ರೇವನ್ಸ್ 31–30ರಿಂದ ಗೆದ್ದಿತು. ಕಂಬದ ತುದಿ ಮೀರಿದ ಒದೆತವನ್ನು ಆಗ ವಿಡಿಯೊ ನೋಡಿ ಮರುಪರಿಶೀಲಿಸುವಂತಿರಲಿಲ್ಲ. ಸೋತ ಪೇಟ್ರಿಯಟ್ಸ್ ತಂಡವೇ ಮುಂದೆ ಕಂಬಗಳನ್ನು ಎತ್ತರಿಸುವ ಪ್ರಸ್ತಾವ ತಂದಿತು. 2014ರಲ್ಲಿ 5 ಅಡಿ ಸೇರಿ, ಅಡ್ಡಪಟ್ಟಿಯ ಮೇಲೆ 35 ಅಡಿಯಾದವು. ತಡವಾಗಿ ಬಂದರೂ ತೀರಾ ಅಗತ್ಯವಿದ್ದ ತಿದ್ದುಪಡಿಯಿದು. ಪೇಟ್ರಿಯಟ್ಸ್‌ನ ತವರಾದ ಬಾಸ್ಟನ್ ಸೀಮೆಯಲ್ಲಿ ನೆಲೆಸಿದ ನನಗೆ ಆ ಸೋಲು ಇನ್ನೂ ನೋಯುತ್ತದೆ. ಆದರೂ ಆ ಚೆಂಡನ್ನು ನೋಡಲು ತಕ್ಕ ಜಾಗದಲ್ಲಿದ್ದವನು ಕಂಬದಡಿ ನಿಂತವನೇ, ಟಿವಿ ಮುಂದೆ ಕೂತ ನಾವಲ್ಲ.